ಪಿಸ್ಟನ್ ಹೇಳುವ ಕಥೆ: ಕೂತುಹೋದ ಚೈನ್ ಸಾ ಮತ್ತೆ ಏಳುವ ಬಗೆ



ಮಳೆಗಾಲ ಬಂತೆಂದರೆ ಊರಿನಿಂದ ಬರುವ ಫೋನುಗಳ ಧಾಟಿಯೇ ಬದಲಾಗುತ್ತದೆ. ಕರೆಂಟಿಲ್ಲ, ಧರೆ ಕುಸಿದಿದೆ, ದಾರಿಗೆ ಮರ ಬಿದ್ದಿದೆ. ಮುಂಬಯಿಯ ಲೋಕಲ್ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತು ಇಂಥ ಫೋನ್ ಕೇಳಿಸಿಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ನನಗೆ ಕಳೆದ ಮಳೆಗಾಲದಲ್ಲಿ ಬಂದ ಫೋನು ಅಣ್ಣನದು.

"ಮೆಷಿನ್ ಮತ್ತೆ ಕೂತ್ಕಂತು ಮಾರಾಯ. ಹೊಸ ಪಿಸ್ಟನ್ ಹಾಕ್ಸಿ ಇನ್ನೂ ಮೂರು ದಿನ ಆಗ್ಲಿಲ್ಲ."

ಮೆಷಿನ್ ಎಂದರೆ ಮರ ಕೊಯ್ಯುವ ಚೈನ್ ಸಾ. ನಮ್ಮ ಮನೆ ಶೃಂಗೇರಿ ಕಡೆಯ ಹಳ್ಳಿಯಲ್ಲಿದೆ. ಟಾರು ರಸ್ತೆಯಿಂದ ಮನೆಗೆ ಇರುವುದು ಒಂದೇ ಮಣ್ಣಿನ ದಾರಿ. ಅದಕ್ಕೆ ಅಡ್ಡ ಒಂದು ಮರ ಬಿದ್ದರೆ ಜೀಪೂ ಇಲ್ಲ, ಆಟೋನೂ ಇಲ್ಲ. ಮನೆಯಲ್ಲಿ ಎಂಬತ್ತು ದಾಟಿದ ಅಪ್ಪಯ್ಯ ಇದ್ದಾರೆ. ಹೀಗಾಗಿ ಆ ಮೆಷಿನ್ ನಮ್ಮ ಮನೆಗೆ ಬರೀ ತೋಟದ ಉಪಕರಣವಲ್ಲ, ರಾತ್ರಿ ಹೊತ್ತಿನಲ್ಲಿ ಡಾಕ್ಟರ ಮನೆಗೆ ದಾರಿ ಬಿಡಿಸುವ ಸಾಧನ.

ಮೊದಲ ಸಲ ಕೂತಾಗ ಪೇಟೆಯ ಅಂಗಡಿಯವರು ಪಿಸ್ಟನ್ ಬದಲಿಸಿ ಕೊಟ್ಟಿದ್ದರು. ಎರಡನೆಯ ಸಲ, "ಇದು ಮುಗೀತು, ಹೊಸದು ತಗೊಳ್ಳಿ" ಎಂದರು. ಹೊಸದಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ಅಷ್ಟರಲ್ಲಿ ಗಣೇಶನ ಹಬ್ಬ ಬಂತು, ನಾನೂ ಊರಿಗೆ ಹೋದೆ. ಹಬ್ಬದ ಮರುದಿನ, ಹಿಂದೆ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಮನೆಗೆ ಕರೆಸಿ, ಮೂವರೂ ಜಗಲಿಯ ಮೇಲೆ ಗೋಣಿ ಹಾಸಿಕೊಂಡು ಮೆಷಿನ್ ಬಿಚ್ಚಿದೆವು. ಅವತ್ತು ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಸೇರಿಸಿ ನಿಮ್ಮ ಮುಂದಿಡುತ್ತಿದ್ದೇನೆ. ಊರಲ್ಲಿ ತೋಟ ಇರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು. ಇಲ್ಲದವರಿಗೂ, ಒಂದು ಚಿಕ್ಕ ಎಂಜಿನ್ ಒಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಬೇಸರದ ವಿಷಯವೇನಲ್ಲ.

ಒಳಗೆ ನಡೆಯುವುದೇನು?

ಚೈನ್ ಸಾ ಎಂಜಿನ್ ಎರಡು ಸ್ಟ್ರೋಕಿನದು. ನಮ್ಮ ಹಳೆಯ ಸ್ಕೂಟರುಗಳು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ, ಯೆಜ್ಡಿ ಬೈಕುಗಳು ಇದೇ ಜಾತಿಯವು. ಆ ಕಾಲದಲ್ಲಿ ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲಿನ ಜೊತೆಗೆ 2ಟಿ ಆಯಿಲ್ ಹಾಕಿಸುತ್ತಿದ್ದುದು ನಿಮಗೆ ನೆನಪಿರಬಹುದು. ಅದರ ಕಾರಣ ಸರಳ. ಕಾರಿನ ಎಂಜಿನ್ನಿನಲ್ಲಿ ಎಣ್ಣೆಗೆ ಬೇರೆಯದೇ ತೊಟ್ಟಿ ಇರುತ್ತದೆ. ಇಂಥ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಅದಿಲ್ಲ. ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಪಿಸ್ಟನ್, ಸಿಲಿಂಡರ್, ಬೇರಿಂಗ್ ಎಲ್ಲವನ್ನೂ ನುಣುಪಾಗಿ ಇಡಬೇಕು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನು ವೇಗ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಚೈನ್ ಸಾ ನಿಮಿಷಕ್ಕೆ 12,000 ಸುತ್ತು, ಕೆಲವು ಮಾಡೆಲುಗಳಲ್ಲಿ ಅದಕ್ಕೂ ಹೆಚ್ಚು ತಿರುಗುತ್ತದೆ. ಅಂದರೆ ಸೆಕೆಂಡಿಗೆ 200 ಸಲ ಪಿಸ್ಟನ್ ಮೇಲೆ ಹೋಗಿ ಕೆಳಗೆ ಬರುತ್ತದೆ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವುದು ಕೂದಲೆಳೆಯಷ್ಟು ಜಾಗ ಮತ್ತು ಎಣ್ಣೆಯ ತೆಳುವಾದ ಪೊರೆ. ಆ ಪೊರೆ ಹರಿದರೆ, ಅಥವಾ ಬಿಸಿ ಏರಿ ಪಿಸ್ಟನ್ ಉಬ್ಬಿದರೆ, ಅಲ್ಯೂಮಿನಿಯಂ ಪಿಸ್ಟನ್ ಗೋಡೆಗೆ ಉಜ್ಜಿ, ಕರಗಿ ಮೆತ್ತಿಕೊಳ್ಳುತ್ತದೆ. ಎಂಜಿನ್ ಗಕ್ಕನೆ ನಿಲ್ಲುತ್ತದೆ. ಇದಕ್ಕೇ ಮೆಕ್ಯಾನಿಕ್‌ಗಳು "ಸೀಜ್ ಆಯ್ತು" ಎನ್ನುವುದು, ನಮ್ಮ ಕಡೆಯವರು "ಕೂತ್ಕಂತು" ಎನ್ನುವುದು.

ಪೂರ್ತಿ ಬಿಚ್ಚುವ ಮೊದಲು

ಯಾವ ಪರೀಕ್ಷೆಗೂ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆದಿಡಿ. ಬಾರ್, ಚೈನ್ ಎರಡನ್ನೂ ಕಳಚಿ ಪಕ್ಕಕ್ಕಿಡಿ. ಇದರಲ್ಲಿ ರಾಜಿ ಬೇಡ.

ಮೊದಲನೆಯದು ಹಗ್ಗದ ಪರೀಕ್ಷೆ. ಸ್ಪಾರ್ಕ್ ಪ್ಲಗ್ ತನ್ನ ಜಾಗದಲ್ಲೇ ಇರಲಿ. ಸ್ಟಾರ್ಟರ್ ಹಗ್ಗದ ಹಿಡಿಕೆ ಹಿಡಿದು ಇಡೀ ಮೆಷಿನ್ನನ್ನು ನೆಲದಿಂದ ಸ್ವಲ್ಪವೇ ಮೇಲೆ ತೂಗುಬಿಡಿ. ಆರೋಗ್ಯವಂತ ಎಂಜಿನ್ ತಡೆದು ತಡೆದು, ಹಂತ ಹಂತವಾಗಿ ಇಳಿಯುತ್ತದೆ. ಸರ್ರನೆ ಜಾರಿ ಇಳಿದರೆ ಒಳಗೆ ಒತ್ತಡ ನಿಲ್ಲುತ್ತಿಲ್ಲ ಎಂದರ್ಥ. ಕಂಪ್ರೆಷನ್ ಗೇಜ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ 150 ಪಿಎಸ್‌ಐ ಆಸುಪಾಸು ಇದ್ದರೆ ಚಿಂತೆಯಿಲ್ಲ. 100ಕ್ಕಿಂತ ಕೆಳಗಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದೇ ಕಷ್ಟ.

ಎರಡನೆಯದು ಕಣ್ಣಿನ ಪರೀಕ್ಷೆ. ಸೈಲೆನ್ಸರಿನ ಎರಡು ಮೂರು ಸ್ಕ್ರೂ ಬಿಚ್ಚಿ ಅದನ್ನು ಹೊರಗೆ ತೆಗೆದರೆ ಹೊಗೆ ಹೋಗುವ ಕಿಂಡಿ ಕಾಣುತ್ತದೆ. ಹಗ್ಗವನ್ನು ಮೆಲ್ಲಗೆ ಎಳೆಯುತ್ತಾ ಟಾರ್ಚ್ ಬಿಟ್ಟು ನೋಡಿ, ಪಿಸ್ಟನ್ನಿನ ಮೈ ಅಲ್ಲೇ ಕಾಣುತ್ತದೆ. ನುಣ್ಣಗೆ ಹೊಳೆಯುತ್ತಿದ್ದರೆ ಸರಿ. ಉದ್ದುದ್ದ ಗೀರುಗಳು ಎದ್ದು ಕಂಡರೆ ಸಿಲಿಂಡರ್ ಬಿಚ್ಚಲೇಬೇಕು. ಹತ್ತು ನಿಮಿಷದ ಈ ಕೆಲಸ ಮಾಡದೆ ಯಾರಾದರೂ "ಎಂಜಿನ್ ಹೋಯ್ತು" ಎಂದರೆ ನಂಬಬೇಡಿ.

ಪಿಸ್ಟನ್ನನ್ನು ಓದುವುದು

ನಮ್ಮ ಮೆಕ್ಯಾನಿಕ್ ಸಿಲಿಂಡರ್ ಕಳಚಿದವರೇ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ವೈದ್ಯರು ನಾಲಿಗೆ ನೋಡುವ ಹಾಗೆ. ಆಮೇಲೆ ಅಣ್ಣನಿಗೆ ಹೇಳಿದರು: "ಪಿಸ್ಟನ್ ಹೋಗಿದ್ದು ರೋಗ ಅಲ್ಲ ಭಟ್ರೇ. ರೋಗ ಬೇರೆ ಕಡೆ ಇದೆ. ಅದನ್ನ ಹುಡುಕದೆ ಪಿಸ್ಟನ್ ಹಾಕಿದ್ರೆ, ಅದು ಇನ್ನೊಂದನ್ನ ತಿನ್ನೋಕೆ ಕಾಯ್ತಾ ಇರುತ್ತೆ."

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಪಿಸ್ಟನ್ನಿನ ಮೇಲೆ ಗೀರು ಎಲ್ಲಿದೆ ಎನ್ನುವುದು, ಅದು ಯಾಕೆ ಆಯಿತು ಎಂಬುದನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ.

ಗೀರು ಸೈಲೆನ್ಸರ್ ಕಡೆ ಮಾತ್ರ ಹೆಚ್ಚಾಗಿದ್ದರೆ: ಅದು ಎಂಜಿನ್ನಿನ ಅತಿ ಬಿಸಿಯಾದ ಬದಿ. ಇನ್ನೊಂದು ಬದಿಯನ್ನು ಒಳಗೆ ಬರುವ ತಣ್ಣಗಿನ ಪೆಟ್ರೋಲ್ ಮಿಶ್ರಣ ತಂಪಾಗಿಡುತ್ತದೆ. ಸೈಲೆನ್ಸರ್ ಬದಿ ಸುಟ್ಟಿದೆ ಎಂದರೆ ಎಂಜಿನ್ ವಿಪರೀತ ಬಿಸಿಯಾಗಿದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿರಬಹುದು, ಅಥವಾ ಸಿಲಿಂಡರಿನ ರೆಕ್ಕೆಗಳ ನಡುವೆ ಮರದ ಹೊಟ್ಟು ತುಂಬಿ ಗಾಳಿ ಆಡದೇ ಇರಬಹುದು. ಸ್ಪಾರ್ಕ್ ಪ್ಲಗ್ಗಿನ ತುದಿ ಬೆಳ್ಳಗೆ ಸುಣ್ಣದಂತಾಗಿದ್ದರೆ ಮೊದಲಿನ ಅನುಮಾನ ಗಟ್ಟಿಯಾಗುತ್ತದೆ.

ಸುತ್ತಲೂ ಗೀರು ಬಿದ್ದು, ಒಳಗೆಲ್ಲ ಒಣಗಿದಂತಿದ್ದರೆ: ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿರುವ ಸಾಧ್ಯತೆ ಹೆಚ್ಚು. ಕೆಲಸಕ್ಕೆ ಬಂದವರು ಕ್ಯಾನ್ ತಪ್ಪಾಗಿ ಎತ್ತಿಕೊಂಡರೆ ಸಾಕು. ಒಂದು ಟ್ಯಾಂಕ್ ಮುಗಿಯುವುದರೊಳಗೆ ಎಂಜಿನ್ ಮುಗಿಯಬಹುದು.

ಕಾರ್ಬುರೇಟರ್ ಕಡೆ ಮಂಕಾದ, ಮರಳು ಕಾಗದ ಉಜ್ಜಿದಂಥ ಸವೆತವಿದ್ದರೆ: ದೂಳು ಒಳಗೆ ಹೋಗಿದೆ. ಏರ್ ಫಿಲ್ಟರ್ ಹರಿದಿರಬಹುದು, ಇಲ್ಲವೇ ಸರಿಯಾಗಿ ಕೂತಿಲ್ಲ.

ಒಂದೇ ಒಂದು ಆಳವಾದ ಗೆರೆ ಇದ್ದರೆ: ಏನೋ ಒಂದು ಚೂರು ಒಳಗೆ ಸಿಕ್ಕಿಕೊಂಡಿದೆ. ಮುರಿದ ರಿಂಗಿನ ತುದಿ, ಕಳಚಿಬಿದ್ದ ಲಾಕ್, ಅಥವಾ ಬೇರಿಂಗಿನ ತುಣುಕು.

ನಮ್ಮ ಪಿಸ್ಟನ್ನಿನಲ್ಲಿ ಗೀರು ಇದ್ದದ್ದು ಸೈಲೆನ್ಸರ್ ಕಡೆ. ಪ್ಲಗ್ ಬೆಳ್ಳಗಿತ್ತು. ಒಳಗೆ ಎಣ್ಣೆಯ ಜಿಡ್ಡು ಇದ್ದೇ ಇತ್ತು. ಅಂದರೆ ಅಣ್ಣ ಎಣ್ಣೆ ಬೆರೆಸುವುದರಲ್ಲಿ ತಪ್ಪಿರಲಿಲ್ಲ. ಅವನ ಮುಖದಲ್ಲಿ ಮೊದಲ ಸಲ ಸ್ವಲ್ಪ ನಗು ಕಂಡಿತು. ಅದುವರೆಗೆ ಎಲ್ಲರೂ ಅವನನ್ನೇ ಬೈದಿದ್ದರು.

"ಕೂರೋ ಮೊದ್ಲು ಶಬ್ದ ಹೆಂಗಿತ್ತು?" ಎಂದು ಮೆಕ್ಯಾನಿಕ್ ಕೇಳಿದರು. ಆಕ್ಸಿಲರೇಟರ್ ಬಿಟ್ಟರೂ ಮೆಷಿನ್ ಇಳಿಯದೆ ಕಿರುಚುತ್ತಲೇ ಇತ್ತು ಎಂದ ಅಣ್ಣ. ಅವರು ತಲೆ ಅಲ್ಲಾಡಿಸಿ, ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವೆ ಇರುವ ರಬ್ಬರ್ ಕೊಳವೆಯನ್ನು ಕಳಚಿ ಕೈಯಲ್ಲಿ ಬಗ್ಗಿಸಿದರು. ನೆಟ್ಟಗಿದ್ದಾಗ ಏನೂ ಕಾಣದ ಕೊಳವೆಯಲ್ಲಿ, ಬಗ್ಗಿಸಿದಾಗ ಒಂದು ಸಣ್ಣ ಸೀಳು ಬಾಯಿ ಬಿಟ್ಟಿತು. ರೋಗ ಅಲ್ಲಿತ್ತು. ಆ ಸೀಳಿನಿಂದ ಹೆಚ್ಚುವರಿ ಗಾಳಿ ಒಳಗೆ ನುಗ್ಗುತ್ತಿತ್ತು. ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲದು, ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆಯೂ ಸಾಲದು. ಚಿಕ್ಕ ರಬ್ಬರ್ ಕೊಳವೆಯೊಂದು ಎರಡು ಪಿಸ್ಟನ್ ನುಂಗಿತ್ತು.

ಗಾಳಿ ಸೋರುವ ಜಾಗ ಇದೊಂದೇ ಅಲ್ಲ. ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲುಗಳು, ಸಿಲಿಂಡರ್ ಅಡಿಯ ಪ್ಯಾಕಿಂಗ್ ಇವುಗಳನ್ನೂ ನೋಡಬೇಕು. ಹಾಗೆಯೇ ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದ್ದರೆ, ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿಕೊಂಡಿದ್ದರೆ ಪೆಟ್ರೋಲೇ ಸಾಕಷ್ಟು ಬಾರದೆ ಅದೇ ಫಲಿತಾಂಶ. ದೊಡ್ಡ ವರ್ಕ್‌ಶಾಪುಗಳಲ್ಲಿ ಎಂಜಿನ್ನಿನ ಕಿಂಡಿಗಳನ್ನು ಮುಚ್ಚಿ, ಕೈಪಂಪಿನಿಂದ ಗಾಳಿ ತುಂಬಿಸಿ ಮತ್ತು ಎಳೆದು, ಸೋರಿಕೆ ಪತ್ತೆ ಮಾಡುತ್ತಾರೆ. ಆ ಪರೀಕ್ಷೆ ಮಾಡಿಕೊಡುವವರು ಸಿಕ್ಕಿದರೆ ಬಿಡಬೇಡಿ.

ಸಿಲಿಂಡರ್ ಉಳಿಯುತ್ತದೆಯೇ?

ಹಳೆಯ ಸ್ಕೂಟರುಗಳಲ್ಲಿ ಸಿಲಿಂಡರ್ ಗೀರಿದರೆ ಲೇತ್ ಅಂಗಡಿಗೆ ಒಯ್ದು ಬೋರ್ ಮಾಡಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕುತ್ತಿದ್ದರು. ಚೈನ್ ಸಾದಲ್ಲಿ ಅದು ನಡೆಯುವುದಿಲ್ಲ. ಇದರ ಸಿಲಿಂಡರ್ ಅಲ್ಯೂಮಿನಿಯಮ್ಮಿನದು. ಒಳಗೋಡೆಗೆ ಕ್ರೋಮಿಯಂ, ಇಲ್ಲವೇ ನಿಕಲ್ ಜೊತೆ ಸಿಲಿಕಾನ್ ಕಾರ್ಬೈಡ್ ಕಣಗಳು ಸೇರಿದ ಅತಿ ಗಟ್ಟಿ ಲೇಪ ಇರುತ್ತದೆ. ಎರಡನೆಯದಕ್ಕೆ ನಿಕಾಸಿಲ್ ಎಂದು ಹೆಸರು. ಜರ್ಮನಿಯ ಮಾಲೆ ಕಂಪನಿ 1960ರ ದಶಕದಲ್ಲಿ ಇದನ್ನು ರೂಪಿಸಿತು. ಬೋರ್ ಮಾಡಿದರೆ ಈ ಲೇಪವೇ ಹೋಗಿಬಿಡುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ, ಲೇಪ ಪಿಸ್ಟನ್ನಿಗಿಂತ ಎಷ್ಟೋ ಗಟ್ಟಿ. ಸಿಲಿಂಡರಿನಲ್ಲಿ ಗಾಯದಂತೆ ಕಾಣುವುದು ಎಷ್ಟೋ ಸಲ ಗಾಯವಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ ಅಲ್ಲಿ ಮೆತ್ತಿಕೊಂಡಿರುವುದು. ಉಗುರು ಆಡಿಸಿ ನೋಡಿ. ಉಬ್ಬು ತಗಲಿದರೆ ಅದು ಮೆತ್ತಿಕೊಂಡದ್ದು, ತೆಗೆಯಬಹುದು. ಉಗುರು ತಗ್ಗಿನಲ್ಲಿ ಸಿಕ್ಕಿಕೊಂಡರೆ ಲೇಪ ಕಿತ್ತಿದೆ, ಸಿಲಿಂಡರ್ ಬದಲಿಸಬೇಕು.

ಮೆತ್ತಿದ್ದನ್ನು ತೆಗೆಯಲು ಮೆಕ್ಯಾನಿಕ್‌ಗಳು ಬಳಸುವುದು ಹೈಡ್ರೋಕ್ಲೋರಿಕ್ ಆಸಿಡ್. ಆಸಿಡ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಗಟ್ಟಿ ಲೇಪವನ್ನು ಅಷ್ಟು ಬೇಗ ಮುಟ್ಟುವುದಿಲ್ಲ. ನಿಕಾಸಿಲ್ ಲೇಪಕ್ಕೆ ಇದು ಸರಿ. ಕ್ರೋಮಿಯಂ ಲೇಪವನ್ನು ಆಸಿಡ್ ಕೆಡಿಸಬಹುದು, ಆದ್ದರಿಂದ ಯಾವ ಲೇಪ ಎಂದು ಖಚಿತವಿಲ್ಲದಿದ್ದರೆ ಆಸಿಡ್ ತಂಟೆಯೇ ಬೇಡ. ನುಣುಪಾದ ಎಮರಿ ಕಾಗದದಿಂದ, ಮೆತ್ತಿದ ಜಾಗವನ್ನಷ್ಟೇ ತಾಳ್ಮೆಯಿಂದ ಉಜ್ಜಿದರೂ ಸಾಕು. ಸಮಯ ಹಿಡಿಯುತ್ತದೆ, ಅಷ್ಟೆ.

ಆಸಿಡ್ ಬಳಸುವುದೇ ಆದರೆ ಇಷ್ಟು ಎಚ್ಚರಿಕೆ ಬೇಕು. ಕೆಲಸ ಬಯಲಿನಲ್ಲಿ ಆಗಲಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹತ್ತಿರ ಇರಕೂಡದು. ಸಿಲಿಂಡರನ್ನು ಎಂಜಿನ್ನಿನಿಂದ ದೂರ ಇಟ್ಟುಕೊಳ್ಳಿ, ಆಸಿಡ್ಡಿನ ಆವಿಗೇ ಬೇರಿಂಗ್ ತುಕ್ಕು ಹಿಡಿಯುತ್ತದೆ. ಆಸಿಡ್ ಸುರಿಯಬಾರದು. ಹತ್ತಿಯ ಕಡ್ಡಿ ಅದ್ದಿ, ಮೆತ್ತಿದ ಜಾಗಕ್ಕೆ ಮಾತ್ರ ಸವರಿ. ನೊರೆ ಏಳುತ್ತದೆ. ತುಸು ಹೊತ್ತಿಗೆ ಒರೆಸಿ, ನೋಡಿ, ಬೇಕಾದರೆ ಮತ್ತೆ ಸವರಿ. ಕಿಂಡಿಗಳ ಅಂಚಿಗೆ ತಾಗಿಸಬೇಡಿ, ಅಲ್ಲಿ ಬರೀ ಅಲ್ಯೂಮಿನಿಯಂ ಇರುತ್ತದೆ. ಮೆತ್ತಿದ್ದೆಲ್ಲ ಹೋದ ಮೇಲೂ ಗೋಡೆಯಲ್ಲಿ ನೊರೆ ಬರುತ್ತಲೇ ಇದ್ದರೆ ಲೇಪದ ಕೆಳಗಿನ ಲೋಹ ಹೊರಬಿದ್ದಿದೆ, ಆ ಸಿಲಿಂಡರಿನ ಆಸೆ ಬಿಡಿ. ಕೊನೆಗೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಿ.

ನಮ್ಮ ಸಿಲಿಂಡರ್ ಉಳಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಒಳಗೆ ಕನ್ನಡಿಯಾಗಿತ್ತು.

ಕಿಟ್ ಕೊಳ್ಳುವಾಗ

ಊರಿನವರು ಬಿಡಿಭಾಗ ತರಲು ನಮಗೆ ಹೇಳುವುದು ಸಹಜ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಅಂಗಡಿಗೆ ಹೋಗುವ ಮೊದಲು ಮೆಷಿನ್ನಿನ ಮಾಡೆಲ್ ನಂಬರ್ ಜೊತೆಗೆ ಪಿಸ್ಟನ್ನಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆಸಿ ಬರೆದುಕೊಳ್ಳಿ. ಒಂದೇ ಮಾಡೆಲ್ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಅಳತೆಯಲ್ಲಿ ಬಂದಿರುವುದುಂಟು. ಹಳೆಯ ಪಿಸ್ಟನ್ನನ್ನೇ ಜೇಬಿನಲ್ಲಿ ಒಯ್ದರೆ ಇನ್ನೂ ಒಳ್ಳೆಯದು. ಸಿಲಿಂಡರ್ ಚೆನ್ನಾಗಿದ್ದರೆ ಪಿಸ್ಟನ್, ರಿಂಗ್, ಪಿನ್, ಲಾಕ್ ಇಷ್ಟೇ ಸಾಕು. ಕಡಿಮೆ ಬೆಲೆಯ ಪೂರ್ತಿ ಕಿಟ್ಟಿಗಿಂತ, ಕಂಪನಿಯ ಹಳೆಯ ಸಿಲಿಂಡರಿಗೆ ಒಳ್ಳೆಯ ಪಿಸ್ಟನ್ ಹಾಕುವುದೇ ಎಷ್ಟೋ ಸಲ ಮೇಲು.

ಮತ್ತೆ ಜೋಡಿಸುವುದು

ಪಿಸ್ಟನ್ ಕಳಚುವಾಗಲೂ ಜೋಡಿಸುವಾಗಲೂ ಕೆಳಗಿನ ಕ್ರ್ಯಾಂಕ್ ಗುಂಡಿಗೆ ಶುದ್ಧವಾದ ಬಟ್ಟೆ ತುರುಕಿರಬೇಕು. ಪುಟ್ಟ ಲಾಕ್ ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ. ಸೀಜ್ ಆದಾಗ ಉದುರಿದ ಅಲ್ಯೂಮಿನಿಯಂ ಪುಡಿ ಗುಂಡಿಯಲ್ಲಿರುತ್ತದೆ. ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ, ಅಲ್ಲಾಡಿಸಿ, ಬೋರಲು ಮಾಡಿ ಎರಡು ಮೂರು ಸಲ ತೊಳೆಯಿರಿ. ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಎಂದರೆ ಬೇರಿಂಗ್ ಕೂಡ ಹೋಗಿದೆ, ಲೆಕ್ಕ ಬೇರೆಯಾಗುತ್ತದೆ.

ಸಾಮಾನ್ಯವಾಗಿ ಪಿಸ್ಟನ್ ತಲೆಯ ಮೇಲೆ ಬಾಣದ ಗುರುತು ಇರುತ್ತದೆ. ಅದು ಸೈಲೆನ್ಸರ್ ಕಡೆ ತಿರುಗಿರಬೇಕು. ಉಲ್ಟಾ ಹಾಕಿದರೆ ರಿಂಗಿನ ತುದಿ ಕಿಂಡಿಯಲ್ಲಿ ಸಿಕ್ಕಿ ಮುರಿಯುತ್ತದೆ. ರಿಂಗಿನ ಎರಡು ತುದಿಗಳ ನಡುವೆ, ಪಿಸ್ಟನ್ನಿನ ಗಾಡಿಯಲ್ಲಿರುವ ಪುಟ್ಟ ಮೊಳೆ ಕೂರಬೇಕು. ಪಿನ್ನಿನ ಲಾಕ್ ಪ್ರತಿ ಸಲವೂ ಹೊಸದೇ ಆಗಿರಲಿ. ಅದರ ಬಾಯಿ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ. ಪಿಸ್ಟನ್, ರಿಂಗ್, ಸಿಲಿಂಡರ್ ಎಲ್ಲಕ್ಕೂ 2ಟಿ ಆಯಿಲ್ ಧಾರಾಳವಾಗಿ ಸವರಿ, ರಿಂಗನ್ನು ಬೆರಳಿನಿಂದ ಒತ್ತಿ ಹಿಡಿದು ಸಿಲಿಂಡರನ್ನು ನೇರವಾಗಿ ಇಳಿಸಿ. ಬಲ ಹಾಕಬೇಡಿ, ತಿರುಚಬೇಡಿ. ಸರಿಯಾಗಿ ಹಿಡಿದರೆ ಅದೇ ಇಳಿಯುತ್ತದೆ. ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ.

ಇಷ್ಟೆಲ್ಲ ಆದ ಮೇಲೆ ಮೊದಲ ಸ್ಟಾರ್ಟ್. ಕಾರ್ಬುರೇಟರಿನ ವೇಗದ ಸ್ಕ್ರೂ ಕೈಯಲ್ಲಿ ತಿರುಗಿಸುವಂಥದ್ದಾದರೆ, ಪೆಟ್ರೋಲ್ ಸ್ವಲ್ಪ ಹೆಚ್ಚೇ ಹೋಗುವಂತೆ ಇಡಿ. ಮೊದಲ ಒಂದೆರಡು ಟ್ಯಾಂಕ್ ಮುಗಿಯುವವರೆಗೆ ಖಾಲಿ ಮೆಷಿನ್ನನ್ನು ಪೂರ್ತಿ ವೇಗದಲ್ಲಿ ಕಿರುಚಿಸಬೇಡಿ. ಸಣ್ಣ ಕೊಂಬೆಗಳಿಂದ ಶುರುಮಾಡಿ.

ಪೆಟ್ರೋಲಿನ ಬಗ್ಗೆ ಒಂದು ಮಾತು

ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ., ಐದು ಲೀಟರಿಗೆ 100 ಮಿ.ಲೀ. ಎಣ್ಣೆ. 25ಕ್ಕೆ 1 ಎಂದಿದ್ದರೆ ಅದರ ಎರಡರಷ್ಟು. ಅಂದಾಜಿಗೆ ಸುರಿಯಬೇಡಿ, ಔಷಧಿಯ ಅಳತೆ ಮುಚ್ಚಳ ಇಟ್ಟುಕೊಳ್ಳಿ. ಚೈನಿಗೆ ಹಾಕುವ ಎಣ್ಣೆ ಬೇರೆ, ಪೆಟ್ರೋಲಿಗೆ ಬೆರೆಸುವ ಎಣ್ಣೆ ಬೇರೆ.

ಈಗ ಇನ್ನೊಂದು ವಿಷಯ ಸೇರಿಕೊಂಡಿದೆ. ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದ ಹೆಚ್ಚಿನ ಬಂಕುಗಳಲ್ಲಿ ಅದೇ ಸಿಗುತ್ತಿದೆ. ಎಷ್ಟೋ ಚೈನ್ ಸಾಗಳ ಕೈಪಿಡಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಎಥೆನಾಲ್ ಬೇಡ ಎಂದಿರುತ್ತದೆ. ಎಥೆನಾಲ್ ತೇವ ಹೀರಿಕೊಳ್ಳುತ್ತದೆ. ಹಳೆಯ ರಬ್ಬರ್ ಭಾಗಗಳಿಗೆ ಅದು ಒಗ್ಗುವುದಿಲ್ಲ. ಜೊತೆಗೆ ಅದರಲ್ಲೇ ಆಮ್ಲಜನಕ ಇರುವುದರಿಂದ, ಹಳೆಯ ಅಳತೆಗೆ ಕೂರಿಸಿದ ಕಾರ್ಬುರೇಟರಿನಲ್ಲಿ ಗಾಳಿ ಹೆಚ್ಚಾದ ಪರಿಣಾಮವೇ ಆಗುತ್ತದೆ. ಹೀಗಾಗಿ ಕೈಪಿಡಿ ನೋಡಿ, ಬೇಕಾದಷ್ಟೇ ಪೆಟ್ರೋಲ್ ಬೆರೆಸಿ, ತಿಂಗಳೊಳಗೆ ಮುಗಿಸಿ. ಮಳೆಗಾಲ ಮುಗಿದು ಮೆಷಿನ್ ಅಟ್ಟಕ್ಕೆ ಹೋಗುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿಡಿ.

ರಬ್ಬರ್ ಕೊಳವೆಯೂ ಪಿಸ್ಟನ್ನೂ ಮಂಗಳೂರಿನಿಂದ ಬರಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ನಾನು ಮುಂಬಯಿಗೆ ವಾಪಸಾಗಿದ್ದೆ. ಜೋಡಿಸಿದ್ದು ಅಣ್ಣ, ಪಕ್ಕದಲ್ಲಿ ಕೂತು ಹೇಳಿಕೊಟ್ಟದ್ದು ಆ ಹಿರಿಯರು. ಖರ್ಚು ಹೊಸ ಮೆಷಿನ್ನಿನ ಬೆಲೆಯ ಸಣ್ಣ ಪಾಲು.

ಅಕ್ಟೋಬರಿನ ಒಂದು ರಾತ್ರಿ ಗಾಳಿಮಳೆಗೆ ದಾರಿಗೆ ಅಡ್ಡ ಒಂದು ಹಲಸಿನ ಮರ ಬಿತ್ತು. ಬೆಳಿಗ್ಗೆ ಅಪ್ಪಯ್ಯನನ್ನು ಪೇಟೆಗೆ ಕರೆದೊಯ್ಯಬೇಕಿತ್ತು. ಎಂಟು ಗಂಟೆಗೆ ಅಣ್ಣನ ಫೋನ್ ಬಂದಾಗ ನಾನು ಅಂಧೇರಿ ಸ್ಟೇಷನ್ನಿನಲ್ಲಿದ್ದೆ. ಅವನು ಏನೂ ಮಾತಾಡಲಿಲ್ಲ. ಫೋನನ್ನು ಮೆಷಿನ್ ಹತ್ತಿರ ಹಿಡಿದ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಶಬ್ದ ಮೆತ್ತಗೆ ಇಳಿದು, ಗುಡುಗುಡು ಎಂದು ಒಂದೇ ಸಮನೆ ನಿಂತಿತು.

"ಕೇಳ್ತಾ?" ಎಂದ. "ದಾರಿ ಬಿಟ್ಟಿದೆ. ಹೊರಟ್ವಿ."

ನಿಮ್ಮ ಊರಿನ ಮನೆಯಲ್ಲೂ ಮೂಲೆಯಲ್ಲಿ ಕೂತ ಮೆಷಿನ್ ಒಂದಿದ್ದರೆ, ಗುಜರಿಗೆ ಹಾಕುವ ಮೊದಲು ಸೈಲೆನ್ಸರ್ ತೆಗೆದು ಒಮ್ಮೆ ಇಣುಕಿ ನೋಡಲು ಹೇಳಿ. ಅದು ಯಾಕೆ ಕೂತಿತು ಎಂಬುದನ್ನು ಅದೇ ಹೇಳುತ್ತದೆ. ನಿಮ್ಮ ಅನುಭವಗಳಿದ್ದರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ, ಕೇಳುತ್ತಾ ಇರಿ.